ಜಪ್ಪಯ್ಯ ಅಂದರೂ ಹೋಗದ ಬೂಷ್ಟು

ಮತ್ತೆ ಬಂದಿತ್ತು! ಭಾನುವಾರ ಬ್ಲೀಚಿಂಗ್ ಪುಡಿ ಹಾಕಿ, ರಟ್ಟೆ ಬಿದ್ದುಹೋಗುವಂತೆ ತಿಕ್ಕಿದ ಗೋಡೆ. ಗುರುವಾರಕ್ಕಾಗಲೇ ಮೂಲೆಯಿಂದ ಮೂಲೆಗೆ ಕಪ್ಪು ಬೂಷ್ಟು. ಸೊಸೆ ಬಚ್ಚಲುಮನೆಯ ಬಾಗಿಲಲ್ಲೇ ಕುಸಿದು ಕೂತಳು. ಒಳಕೋಣೆಯಲ್ಲಿ ಅತ್ತೆ ಎದೆ ಕಿತ್ತುಬರುವಂತೆ ಕೆಮ್ಮುತ್ತಿದ್ದರು.

ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು: ಒಂದೋ ಬೂಷ್ಟು ಹೋಗಬೇಕು, ಇಲ್ಲಾ ಅತ್ತೆ ಆ ಮನೆ ಬಿಡಬೇಕು. ಗಂಡ ಒಂದು ತಿಂಗಳು ನೋಡೋಣ ಎಂದಿದ್ದ. ಶನಿವಾರಕ್ಕೆ ತಿಂಗಳು ಮುಗಿಯುತ್ತದೆ, ಅತ್ತೆ ನಾದಿನಿಯ ಮನೆಗೆ ಹೋಗುತ್ತಾರೆ. ಸದ್ಯ, ಪೀಡೆ ತೊಲಗಿತು ಎನ್ನುವಂತಿದೆಯೇ? ಉಸಿರಾಡಲಾಗದ ಮುದುಕಿಯನ್ನು ಸೊಸೆ ಆಚೆ ಹಾಕಿದಳು ಎಂದು ನೆಂಟರಿಷ್ಟರೆಲ್ಲ ಆಡಿಕೊಳ್ಳುತ್ತಾರೆ. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ?

ಅವಳೇನು ಕಮ್ಮಿ ಮಾಡಿದ್ದಳೇ? ಬೂಷ್ಟು ಹಿಡಿಯದ ಬಣ್ಣ ಅಂತ ಅಂಗಡಿಯವನು ಕೊಟ್ಟದ್ದನ್ನು ಬಳಿಸಿದಳು. ದಿನಾ ಗೋಡೆ ಒರೆಸಿದಳು. ಒದ್ದೆ ಟವೆಲು ಒಳಗೆ ಬಿಟ್ಟರೆ ಗಂಡನ ಗ್ರಹಚಾರ ಬಿಡಿಸುತ್ತಿದ್ದಳು. ಬೂಷ್ಟು ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ.

ಅವಳಿಗಿದ್ದ ಸಮಾಧಾನವೆಂದರೆ ಸಂಜೆಯ ಅರ್ಧ ಗಂಟೆ. ಎರಡೇ ಕೋಣೆಯ ಮನೆ, ಚಿಲಕ ಹಾಕಿ ಕೂರಲು ಬಚ್ಚಲು ಬಿಟ್ಟರೆ ಗತಿಯಿಲ್ಲ. ಬಕೆಟ್ಟಿಗೆ ಬಿಸಿನೀರನ್ನು ಜೋರಾಗಿ ಬಿಟ್ಟು, ಮದುವೆಯಾದಾಗಿನಿಂದಲೂ ಸ್ನಾನದ ನೆಪದಲ್ಲಿ ತವರಿಗೆ ಫೋನು ಮಾಡುತ್ತಿದ್ದಳು.

"ಅಮ್ಮಾ, ಇದೆಲ್ಲ ಅತ್ತೆಯದೇ ಕಿತಾಪತಿ. ನನಗೆ ಕೆಟ್ಟ ಹೆಸರು ತರೋಕೆ ಅಂತಲೇ ಏನೋ ಮಾಡ್ತಿದ್ದಾರೆ."

ಅನುಮಾನಕ್ಕೆ ಕಾರಣವಿತ್ತು. ಆರು ತಿಂಗಳ ಹಿಂದೆ, ಮಂಡಿನೋವಿನ ಅತ್ತೆ ಸ್ಟೂಲು ಎಳೆದುಕೊಂಡು ಬಚ್ಚಲಿನಿಂದ ಹೊರಬಂದದ್ದನ್ನು ಕಣ್ಣಾರೆ ಕಂಡಿದ್ದಳು. ಕೇಳಿದರೆ, "ಜೇಡರ ಬಲೆ ತೆಗೆದೆ" ಅಂದಿದ್ದರು. ಬೂಷ್ಟು ಶುರುವಾದದ್ದು ಅಲ್ಲಿಂದಲೇ. ಆ ಹೊತ್ತಿನಲ್ಲಿ ಆದ ಒಂದೇ ಒಳ್ಳೆಯದೆಂದರೆ, ಇವಳನ್ನು ಮೆಟ್ಟಿಲಲ್ಲಿ ಕಂಡಾಗಲೆಲ್ಲ ಕಿಸಕ್ಕನೆ ನಗುತ್ತಿದ್ದ ಕೆಳಮನೆಯಾಕೆ ನಗುವುದನ್ನು ನಿಲ್ಲಿಸಿದ್ದಳು.

ಶುಕ್ರವಾರ ಕೊನೆಯ ಆಸೆಯಿಂದ ಗಾರೆ ಮೇಸ್ತ್ರಿಯನ್ನು ಕರೆಸಿದಳು. ಆತ ಏಣಿ ಹತ್ತಿ, ಗೀಸರಿನ ಹಿಂದೆ ಮರೆಯಾಗಿದ್ದ ಗಾಳಿಕಿಂಡಿಗೆ ಕೈ ಹಾಕಿದ.

"ಅಯ್ಯೋ, ಕಿಂಡಿಗೇ ಏನೋ ತುರುಕಿದಾರಲ್ಲಮ್ಮ! ಹಬೆ ಎಲ್ಲಿಗೆ ಹೋಗಬೇಕು? ಇನ್ನು ನೂರು ಸಲ ತಿಕ್ಕಿದರೂ ಅಷ್ಟೇ."

ಎಳೆದು ಕೆಳಗೆ ಹಾಕಿದ. ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿದ ಬಟ್ಟೆಯ ಉಂಡೆ. ಬಿಚ್ಚಿದರೆ ಅತ್ತೆಯ ಹಳೇ ಶಾಲು!

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಮೇಸ್ತ್ರಿ ಹೋಗುವುದನ್ನೂ ಕಾಯದೆ ಶಾಲನ್ನು ಅತ್ತೆಯ ಮುಂದೆ ಎಸೆದಳು.

"ಉಸಿರು ಕಟ್ಟೋದು ನಿಮಗೇ ತಾನೇ ಅತ್ತೆ? ನನ್ನ ಮಾನ ಕಳೆಯೋಕೆ ಇಷ್ಟೊಂದು ಹಟಾನಾ? ನಾನೇನು ಅನ್ಯಾಯ ಮಾಡಿದ್ದೆ ನಿಮಗೆ?" ಬಿಕ್ಕಿ ಬಿಕ್ಕಿ ಅತ್ತಳು.

ಅತ್ತೆ ಮೇಸ್ತ್ರಿ ಮೆಟ್ಟಿಲಿಳಿಯುವವರೆಗೆ ಕಾದರು. ಗೋಡೆ ಹಿಡಿದು ಎದ್ದುಹೋಗಿ ಬೀದಿಬಾಗಿಲು ಹಾಕಿಬಂದರು. ಕೆಮ್ಮು ನಿಂತ ಮೇಲೆ, ದನಿ ತಗ್ಗಿಸಿ ಹೇಳಿದರು:

"ನೀನು ಒಳಗೆ ಕೂತು ನಿಮ್ಮಮ್ಮನ ಹತ್ತಿರ ನನ್ನನ್ನ ಬೈಯೋದೆಲ್ಲ ಆ ಕಿಂಡಿಯಿಂದ ಕೆಳಗಿನ ಮೂರು ಮನೆಗೂ ಕೇಳಿಸ್ತಿತ್ತು ಕಣಮ್ಮ, ನಾಲ್ಕು ಜನ ನಿನ್ನನ್ನ ಆಡಿಕೊಳ್ಳಬಾರದು ಅಂತ ಮುಚ್ಚಿದೆ."