ಫ್ಯಾನಿನ ಸದ್ದು

ಟೇಪು ತಿರುಗಿತು. ಗಿರಿಜಾಂಬಾ ಅವರ ದನಿಯ ಹಿಂದೆ ಇನ್ನೊಂದು ಸದ್ದಿತ್ತು: ಟಕ್, ಟಕ್, ಟಕ್. ಹಾಡುವ ಕೋಣೆಯ ಫ್ಯಾನು.

ಆ ಸದ್ದು ಮಹದೇವಪ್ರಸಾದನಿಗೆ ಈಗ ಕೇಳಿಸಿತು. ಆ ವಯಸ್ಸಾದ ಹೆಂಗಸು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದುದನ್ನು ನೋಡಲಾರದೆ ಅವನೇ ಹಾಕಿದ್ದ ಫ್ಯಾನು. ಹಾಡು ಶುರುವಾಗುವ ಮೊದಲು ನಿಲ್ಲಿಸಬೇಕಿತ್ತು. ಮರೆತಿದ್ದ. ಗುರುಮಲ್ಲಪ್ಪನವರ ಸ್ಟುಡಿಯೊಗೆ ಕೆಲಸ ಕಲಿಯಲು ಸೇರಿ ಇನ್ನೂ ತಿಂಗಳಾಗಿರಲಿಲ್ಲ.

ಗುರುಮಲ್ಲಪ್ಪನವರು ಸ್ಪೀಕರ್ ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು, ಮೀಟರಿನ ಮುಳ್ಳನ್ನೇ ನೋಡುತ್ತ ಕೂತಿದ್ದರು. ಅವರು ಹಾಡು ಕೇಳುತ್ತಿದ್ದುದೇ ಹಾಗೆ. ಮೈಸೂರಿನ ಗಾಯಕರಿಗೆ ಆ ಭಂಗಿಯ ಮೇಲೆ ಭಕ್ತಿ. ಟೇಪು ನಿಂತ ಮೇಲೆ ಅವರು ಶಿಷ್ಯನ ಕಡೆ ತಿರುಗುತ್ತಿದ್ದರು. ಕೇಳಿದ್ದನ್ನು ಅವನು ಬಾಯಿಬಿಟ್ಟು ಹೇಳಬೇಕು. ಪಾಠ ಅದೇ.

"ಏನ್ ಕೇಳಿಸ್ತಪ್ಪ?"

"ಚೆನ್ನಾಗಿ ಬಂದಿದೆ ಸಾರ್. ಏನೂ ತೊಂದ್ರೆ ಇಲ್ಲ."

ಗುರುಗಳು ಒಂದು ಗಳಿಗೆ ಅವನ ಮುಖವನ್ನು ದಿಟ್ಟಿಸಿದರು. ಆಮೇಲೆ ಒಳಬಂದ ಗಿರಿಜಾಂಬಾ ಅವರಿಗೆ ಹೇಳಿದರು:

"ಚೆನ್ನಾಗಿ ಬಂದಿದೆ ತಾಯಿ. ಏನೂ ತೊಂದ್ರೆ ಇಲ್ಲ. ನೀವೂ ಒಂದ್ಸಲ ಕೇಳ್ತೀರಾ?"

"ನಿಮ್ಮ ಕಿವಿಗೆ ಬಿದ್ಮೇಲೆ ನಾನ್ಯಾಕೆ ಕೇಳ್ಬೇಕು? ಕ್ಯಾಸೆಟ್ ಮಾಡಿಸ್ತಿರೋ ಮಠದ ಬುದ್ಧಿಯೋರೂ ಹಂಗೇ ಅಂದ್ರು."

ಆಕೆ ಕೈಮುಗಿದು ಹೋದರು.

ಅಂದರೆ ಗುರುಗಳು ಅವನ ಮಾನ ಉಳಿಸಿದ್ದರು. ಅಷ್ಟು ದೊಡ್ಡ ಸದ್ದು. ಗಾಯಕಿಯ ಮುಂದೆ ಹುಡುಗ ಸಣ್ಣವನಾಗದಿರಲಿ ಎಂದು ಅವನ ಸುಳ್ಳನ್ನೇ ತಾವೂ ಹೇಳಿದ್ದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಊಟದ ಹೊತ್ತಿಗೆ ಹೊರಬಿದ್ದವನು ಊಟ ಮಾಡಲಿಲ್ಲ. ಸಂಜೆಯ ಬಸ್ಸಿಗೆ ಟೇಪು ಬೆಂಗಳೂರಿಗೆ ಹೋಗುತ್ತದೆ. ಅಲ್ಲಿ ಸಾವಿರ ಕ್ಯಾಸೆಟ್ಟು. ಒಂದೊಂದರ ಮೇಲೂ ಆಕೆಯ ಹೆಸರು, ಒಂದೊಂದರೊಳಗೂ ಅವನ ಟಕ್ ಟಕ್. ಅಷ್ಟರೊಳಗೆ ಹೇಳಿಬಿಡಬೇಕು. ಮೊದಲ ದಿನ ಗುರುಗಳು ಹೇಳಿದ್ದು ಮೂರೇ ಮಾತು: "ಗೊಣಗ್ಬೇಡ. ಮುಖ ನೋಡಿ ಮಾತಾಡು. ಫೋನ್ ಮಾತ್ರ ನೀನೇ ತಗೋ." ಮುಖ ನೋಡುವುದೇ ಈಗ ಆಗದ ಕೆಲಸ.

ಅವನು ಮಹಡಿ ಹತ್ತಿ ಬಂದಾಗ ಗುರುಮಲ್ಲಪ್ಪನವರು ಬಾಗಿಲಿಗೆ ಬೆನ್ನು ಹಾಕಿ, ಹತ್ತಿಯಿಂದ ಟೇಪ್ ಯಂತ್ರ ಒರೆಸುತ್ತಿದ್ದರು. ಪಕ್ಕದಲ್ಲಿ ಪಾರ್ಸೆಲ್ ಸಿದ್ಧವಾಗಿತ್ತು. ಅವನು ಹೊಸ್ತಿಲಲ್ಲೇ ನಿಂತ. ಆ ಬೆನ್ನಿಗೇ ಹೇಳಿದ.

"ಸಾರ್, ಫ್ಯಾನ್ ಆಫ್ ಮಾಡಿರ್ಲಿಲ್ಲ. ಹಾಡಿನ ತುಂಬ ಅದೇ ಸದ್ದು. ಗೊತ್ತಿದ್ದೂ ಸುಳ್ಳು ಹೇಳ್ದೆ. ನೀವು ದೊಡ್ಡ ಮನಸ್ಸು ಮಾಡಿ ಸುಮ್ನಾದ್ರಿ. ಟೇಪ್ ಕಳಿಸ್ಬೇಡಿ ಸಾರ್. ಬೇಕಾದ್ರೆ ನನ್ನ ಕಳಿಸ್ಬುಡಿ."

ಬೆನ್ನು ಅಲ್ಲಾಡಲಿಲ್ಲ. ಹತ್ತಿ ಮೆಲ್ಲಗೆ ಆಡುತ್ತಲೇ ಇತ್ತು. ಆ ಮೌನ ಅವನಿಗೆ ಅರ್ಥವಾಯಿತು. ಕ್ಷಮೆ ಮುಗಿದಿತ್ತು. ಫೋನು ಬಡಿದುಕೊಳ್ಳತೊಡಗಿತು. ಅವನು ತೆಗೆದುಕೊಳ್ಳಲು ಹೋಗಲಿಲ್ಲ.

ಗುರುಗಳು ಪಾರ್ಸೆಲ್ಲಿಗೆ ಕೈಚಾಚಿ ಪಕ್ಕಕ್ಕೆ ತಿರುಗಿದರು. ಅವನನ್ನು ಕಂಡು ಬೆಚ್ಚಿದರು. ಆಮೇಲೆ ನಕ್ಕರು.

"ಯಾವಾಗ ಬಂದ್ಯೋ? ನೀನು ಹೋದ್ಮೇಲೆ ಒಂದು ಫೋನೂ ಬರ್ಲಿಲ್ಲ ನೋಡು," ಎಂದರು. ಅವರ ಮೊಣಕೈ ಪಕ್ಕದಲ್ಲೇ ಫೋನು ಇನ್ನೂ ಬಡಿದುಕೊಳ್ಳುತ್ತಿತ್ತು.