ಪಾಶಾನ ಪಾಲು

ಎದ್ಮೋಂ ಮಗಳ ರಕ್ತಪರೀಕ್ಷೆಯ ವರದಿಯನ್ನು ಮೂರು ಸಲ ಓದಿ, ಕನ್ನಡಕ ತೆಗೆದು ಏಪ್ರನ್ನಿಗೆ ಒರೆಸಿಕೊಂಡು ನಾಲ್ಕನೇ ಸಲ ಓದಿದ. ಓದಲು ಅಲ್ಲಿ ಇದ್ದದ್ದೇ ಒಂದು ಸಾಲು. ಟಾಕ್ಸೊಪ್ಲಾಸ್ಮಾ: ನೆಗೆಟಿವ್.

"ಅಂದ್ರೆ ಏನೇ ಇದು?"

"ಅಂದ್ರೆ ಆ ರೋಗ ನಂಗೆ ಇದುವರೆಗೂ ಬಂದಿಲ್ಲ ಅಂತ ಅಪ್ಪ," ಎಂದಳು ಮೂರು ತಿಂಗಳ ಬಸುರಿ ಸೊಲೆನ್. "ಒಂದ್ಸಲ ಬಂದು ಹೋದೋರಿಗೆ ಚಿಂತೆ ಇಲ್ಲ. ನನ್ನಂಥೋರಿಗೆ ಬಸಿರಲ್ಲಿ ಬಂದ್ರೆ ಮಗುಗೆ ಅಪಾಯವಂತೆ. ಅದಕ್ಕೇ ಹೆರಿಗೆವರೆಗೂ ತಿಂಗಳು ತಿಂಗಳು ರಕ್ತ ಕೊಡ್ಬೇಕು. ಸೊಪ್ಪು ಚೆನ್ನಾಗಿ ತೊಳೀಬೇಕು, ಬೆಕ್ಕಿನ ಹೇಲು ಬಳೀಬಾರದು, ಹಸಿ ಮಾಂಸ ಮುಟ್ಟಬಾರದು, ಇವುಗಳಿಂದ್ಲೇ ಅದು ಅಂಟೋದಂತೆ."

ಹಸಿ ಮಾಂಸದ ಮಾತು ಎತ್ತಬಾರದಿತ್ತು. ಎದ್ಮೋಂ ಮೂರು ತಲೆಮಾರಿನ ಕಟುಕ. ಆ ಊರಲ್ಲಿ ಅವನ ಹೆಸರು ನಿಂತದ್ದೇ ತಾರ್ತಾರ್ ಮೇಲೆ: ನುಣ್ಣಗೆ ಕೊಚ್ಚಿದ ದನದ ಹಸಿ ಮಾಂಸ, ಸಾಸಿವೆ, ಈರುಳ್ಳಿ, ನಡುವೆ ಹಸಿ ಮೊಟ್ಟೆಯ ಹಳದಿ. ಭಾನುವಾರ ಮಧ್ಯಾಹ್ನ ಮನೆಯ ಮೇಜಿಗೂ ಅದೇ ಬರಬೇಕು. ಏಳು ವರ್ಷದ ಸೊಲೆನ್ ತುಂಬಿದ ಚಮಚವನ್ನು ತುಟಿಗೆ ಹಿಡಿದಿರುವ ಫೋಟೊ ಅಂಗಡಿಯ ಗೋಡೆಯ ಮೇಲೆ, ಗಿರಾಕಿಗಳ ಕಣ್ಣಿಗೆ ಬೀಳುವಂತೆ ತೂಗುತ್ತಿತ್ತು.

"ನನ್ನ ಕೈಯ ತಾರ್ತಾರ್ ತಿಂದು ಬೆಳೆದೋಳಿಗೆ ನೆಗೆಟಿವ್ ಹೇಗೆ ಬರುತ್ತೆ?"

"ತಿಂದೋರಿಗೆಲ್ಲ ಬರಲೇಬೇಕು ಅಂತೇನಿಲ್ಲ ಅಪ್ಪ."

"ಬೇರೆ ಅಂಗಡೀದು ತಿಂದ್ರೆ ಬರದೇ ಇರಬಹುದು!" ಎದ್ಮೋಂ ಮೇಜು ಗುದ್ದಿದ. "ನಿಮ್ಮಮ್ಮಂದು ನೋಡು. ನೀನು ಹೊಟ್ಟೇಲಿದ್ದಾಗ ಮೊದಲನೇ ಪರೀಕ್ಷೇಲೇ ಪಾಸಿಟಿವ್!"

"ರೀ, ಮೆಲ್ಲಗೆ," ಗಲ್ಲಾದಲ್ಲಿ ಕೂತಿದ್ದ ಹೆಂಡತಿ ಒಡೆಟ್ ಹೇಳಿದಳು. "ಗಿರಾಕಿಗಳಿದ್ದಾರೆ. ಇದೇನು ಬೋರ್ಡು ಬರೆಸಿ ಹಾಕೋ ವಿಷಯಾನಾ? ಅಷ್ಟು ಅನುಮಾನ ಇದ್ರೆ ನಿಮ್ಮ ರಕ್ತಾನೂ ಕೊಟ್ಟು ನೋಡಿ. ಲ್ಯಾಬಿನ ಯಂತ್ರ ಕೆಟ್ಟಿದೆಯೋ, ನಿಮ್ಮ ತಲೆ ಕೆಟ್ಟಿದೆಯೋ ಗೊತ್ತಾಗುತ್ತೆ."

ಸಾಲಿನಲ್ಲಿ ನಿಂತಿದ್ದ ನಾಲ್ಕು ಗಿರಾಕಿಗಳು ಗೊಳ್ಳೆಂದರು. ಎದ್ಮೋಂ ಮುಖ ಕೆಂಪಗೆ ಮಾಡಿಕೊಂಡು ಮಗಳ ಫೋಟೊವನ್ನು ಗೋಡೆಯ ಕಡೆಗೆ ತಿರುಗಿಸಿ ಹಾಕಿದ.

ಸೊಲೆನ್ ವರದಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಆರನೇ ವಯಸ್ಸಿನಲ್ಲಿ ಮೊದಲ ಸಲ ತಟ್ಟೆಗೆ ಬಿದ್ದಾಗಿನಿಂದ ಅವಳು ಒಂದೇ ಒಂದು ಚಮಚ ತಾರ್ತಾರ್ ನುಂಗಿದವಳಲ್ಲ. ಎಲ್ಲವೂ ಮೇಜಿನ ಕೆಳಗೆ ಮನೆಯ ನಾಯಿ ಪಾಶಾನ ಪಾಲಾಗುತ್ತಿತ್ತು. ಪಾಶಾ ಕಣ್ಣು ಮುಚ್ಚುವ ಹೊತ್ತಿಗೆ ಅವಳ ಪುಣ್ಯಕ್ಕೆ ದೂರದ ಲಿಯೋಂನಲ್ಲಿ ಓದಲು ಸೀಟು ಸಿಕ್ಕಿತ್ತು. ಈಗ ನೋಡಿದರೆ ಅಷ್ಟು ವರ್ಷದ ಗುಟ್ಟನ್ನು ಅವಳ ರಕ್ತವೇ ಬಂದು ಚಾಡಿ ಹೇಳಿತ್ತು.

ಮುಂದಿನ ಇಡೀ ತಿಂಗಳು ಎದ್ಮೋಂ ಮಗಳೊಂದಿಗೆ ಮಾತು ಬಿಟ್ಟ. ಮೊಮ್ಮಗುವಿಗೆಂದು ಮಾಡುತ್ತಿದ್ದ ತೊಟ್ಟಿಲು ಮೂರೇ ಕಾಲಿಗೆ ನಿಂತುಹೋಯಿತು. ಸೊಲೆನ್‌ಗೆ ಸೂಜಿಗಿಂತ ಆ ಇಲ್ಲದ ನಾಲ್ಕನೇ ಕಾಲೇ ಹೆಚ್ಚು ಚುಚ್ಚುತ್ತಿತ್ತು. ಅಪ್ಪನಿಲ್ಲದ ಬಾಣಂತನ ಅವಳಿಗೆ ಬೇಡವಾಗಿತ್ತು.

ಎರಡನೇ ಪರೀಕ್ಷೆಗೆ ಹೋದಾಗ ಲ್ಯಾಬಿನ ಬಾಗಿಲಲ್ಲಿ ಅಪ್ಪನೇ ನಿಂತಿದ್ದ. ಮೈಮೇಲೆ ಮದುವೆಮನೆಯ ಕೋಟು, ಮುಖದಲ್ಲಿ ರಕ್ತವೇ ಇರಲಿಲ್ಲ.

"ಊರೆಲ್ಲ ಕೇಳ್ತಿದೆ, ರಕ್ತ ಯಾವಾಗ ಕೊಡ್ತೀಯ ಅಂತ," ಎಂದು ಗೊಣಗಿ, ಒಳಗೆ ಹೋಗಿ ತೋಳು ಚಾಚಿದ. "ತೆಗೀರಮ್ಮ. ಟಾಕ್ಸೊಪ್ಲಾಸ್ಮಾ."

ಲ್ಯಾಬಿನಾಕೆ ಅವನ ದೊಡ್ಡ ಹೊಟ್ಟೆಯನ್ನು ಗಂಭೀರವಾಗಿ ನೋಡಿದಳು. "ಎಷ್ಟು ತಿಂಗಳು, ಸ್ವಾಮಿ?"

ಅವನು ನಗಲಿಲ್ಲ. ದಿನಕ್ಕೊಂದು ದನ ಕತ್ತರಿಸುವವನು ಸೂಜಿಗೆ ಹೆದರಿದ್ದಾನೆ ಎಂದುಕೊಂಡಳು ಸೊಲೆನ್.

ಭಾನುವಾರ ಅವನ ವರದಿಯ ಲಕೋಟೆ ಊಟದ ಮೇಜಿನ ಮೇಲಿತ್ತು. ಪಕ್ಕದಲ್ಲಿ ತಾರ್ತಾರ್ ಇರಲಿಲ್ಲ. ಸೊಲೆನ್ ಇನ್ನು ತಡೆಯಲಾರದೆ ಅಳುತ್ತಲೇ ಶುರುಮಾಡಿದಳು.

"ಅಪ್ಪ, ಅದನ್ನ ಒಡೀಬೇಡ. ನಾನೇ ಹೇಳ್ತೀನಿ. ನಾನು ಯಾವತ್ತೂ ತಿಂದಿಲ್ಲ. ಎಲ್ಲಾ ಪಾಶಾಗೆ ಹಾಕಿದೆ. ನಿಂಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ."

ಎದ್ಮೋಂ ಫೋರ್ಕನ್ನು ಕೆಳಗಿಟ್ಟ. ಲಕೋಟೆಯನ್ನು ಅವಳತ್ತ ತಳ್ಳಿದ. ಅದು ಆಗಲೇ ಒಡೆದಿತ್ತು. ನೆಗೆಟಿವ್.

"ಹಸಿ ಮಾಂಸ ಕಂಡ್ರೆ ನಂಗೆ ಚಿಕ್ಕಂದಿನಿಂದ್ಲೂ ವಾಕರಿಕೆ ಕಣೇ," ಎಂದ ಮೆಲ್ಲನೆ. "ಅಂಗಡೀಲಿ ನಾಲಿಗೆ ತುದಿಗೆ ಮುಟ್ಟಿಸಿ ಉಗಿದುಬಿಡ್ತೀನಿ. ಮನೇಲಿ... ನೀನು ಅಷ್ಟು ಆಸೆಯಿಂದ ತಿಂತಿದ್ದೀಯ, ನಾನು ಬೇಡ ಅಂದ್ರೆ ಚೆನ್ನಾಗಿರುತ್ತಾ? ನಾನೂ ಪಾಶಾಗೇ ಹಾಕ್ತಿದ್ದೆ."

ಅಪ್ಪ, ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕರು. ಎದ್ಮೋಂ ಕಣ್ಣೊರೆಸಿಕೊಳ್ಳುತ್ತಾ, ಸಂಜೆಯೊಳಗೆ ತೊಟ್ಟಿಲಿಗೆ ನಾಲ್ಕನೇ ಕಾಲು ಬಡಿಯುತ್ತೇನೆ, ಫೋಟೊ ಸರಿಯಾಗಿ ತಿರುಗಿಸುತ್ತೇನೆ ಎಂದ.

ಒಡೆಟ್ ಮಾತ್ರ ನಗದೆ, ಚೆನ್ನಾಗಿ ಬೆಂದು ಕಪ್ಪಗಾದ ಮಾಂಸದ ಬಾಣಲೆಯನ್ನು ತಂದು ಮೇಜಿನ ಮೇಲೆ ಕುಕ್ಕಿದಳು.

"ನಂಗೂ ಅದು ಸೇರ್ತಿರಲಿಲ್ಲ," ಎಂದಳು. "ಆದ್ರೆ ಆ ನಾಯಿ ನಿಮ್ಮಿಬ್ಬರ ಕಾಲು ಬಿಟ್ಟು ಒಂದು ದಿನಾನಾದ್ರೂ ನನ್ನ ಕಡೆ ಬಂತಾ?"