ಡೆಲೇನಿ ಆರಿಸಿದ ಟೋಪಿ

ಶಾಲೆಯ ಜಿಮ್ ಹಾಲಿನ ವೇದಿಕೆಯಲ್ಲಿ ಡೆಲೇನಿಯ ಕೈ ಎರಡು ಟೋಪಿಗಳ ನಡುವೆ ತಡೆದು ನಿಂತಿತು. ಯಾವ ಕಾಲೇಜಿಗೆ ಹೋಗುತ್ತಾರೋ ಆ ಕಾಲೇಜಿನ ಟೋಪಿಯನ್ನು ಮಕ್ಕಳು ಎಲ್ಲರೆದುರು ಹಾಕಿಕೊಳ್ಳುವ ದಿನ ಅದು. ನೀಲಿಯದು ಪಕ್ಕದೂರಿನ ಕಾಲೇಜಿನದು. ಹೈಸ್ಕೂಲು ಓದುತ್ತಲೇ ಅವಳು ಎರಡು ವರ್ಷ ಅಲ್ಲಿ ಕಾಲೇಜಿನ ಪಾಠಗಳನ್ನೂ ಕೇಳಿ ಪಾಸಾಗಿದ್ದಳು. ಅಲ್ಲಿಗೇ ಸೇರಿದರೆ ಅದೆಲ್ಲ ಲೆಕ್ಕಕ್ಕೆ ಬಂದು, ನಾಲ್ಕು ವರ್ಷದ ಪದವಿ ಇನ್ನೆರಡೇ ವರ್ಷದಲ್ಲಿ ಮುಗಿಯುತ್ತಿತ್ತು. ಕೆಂಪು ಟೋಪಿ ಬಾಸ್ಟನ್ನಿನ ದೊಡ್ಡ ವಿಶ್ವವಿದ್ಯಾಲಯದ್ದು. ಅಲ್ಲಿ ಆ ಓದು ಯಾವುದೂ ಲೆಕ್ಕಕ್ಕಿಲ್ಲ, ಎಲ್ಲ ಮೊದಲಿಂದ ಶುರು.

ಅವಳು ಕೆಂಪು ಟೋಪಿ ತಲೆಗಿಟ್ಟಳು.

ಅಮೆರಿಕದ ಕೆಂಟಕಿಯ ಆ ಗುಡ್ಡದೂರಿನ ಜನ ಮುಖ ಮುಖ ನೋಡಿಕೊಂಡರು. ಮುಂದಿನ ಸಾಲಿನಲ್ಲಿದ್ದ ಅಪ್ಪ ವರ್ನನ್ ಮಾತ್ರ ಕೂತಲ್ಲಿಂದಲೇ ಕೂಗಿದ: "ಅಲ್ವೇ ಪುಟ್ಟಿ, ಎರಡು ವರ್ಷ ಓದಿದ್ದೆಲ್ಲ ದಂಡ ಆಯ್ತಲ್ಲೇ!"

"ಇಲ್ಲಪ್ಪಾ. ಆ ಕಾಲೇಜಲ್ಲಿ ಮೊದಲನೇ ದಿನ ಅಷ್ಟು ದೊಡ್ಡವರ ಮಧ್ಯೆ ಕೂರೋಕೆ ಹೆದರಿ, ಓಡಿಬಂದು ನಿನ್ನ ಗಾಡೀಲಿ ಕೂತಿದ್ದೆ, ನೆನಪಿದ್ಯಾ? ನೀನು ಗಾಡಿ ಶುರು ಮಾಡ್ಲೇ ಇಲ್ಲ. 'ಒಳಗೆ ಹೋಗು, ನಾನಿಲ್ಲೇ ಇರ್ತೀನಿ' ಅಂದೆ. ಅಲ್ಲಿ ಕೂತು ಓದಿದ್ಮೇಲೇ ಎಲ್ಲಿ ಬೇಕಾದ್ರೂ ಓದಬಲ್ಲೆ ಅನ್ನೋ ಧೈರ್ಯ ಬಂದಿದ್ದು."

ವರ್ನನ್ ನಿಧಾನಕ್ಕೆ ಎದ್ದು ವೇದಿಕೆಯ ಹತ್ತಿರ ಬಂದ. "ಬಾಸ್ಟನ್ನಲ್ಲಿ ಹೊರಗೆ ಕಾಯೋಕೆ ನಾನಿರಲ್ಲ ಕಣೇ."

"ಗೊತ್ತು," ಅಂದಳು ಡೆಲೇನಿ. ಕೆಂಪು ಟೋಪಿಯನ್ನು ಕೆಳಗೆಳೆದು ಸರಿಯಾಗಿ ಕೂರಿಸಿಕೊಂಡಳು.

ವರ್ನನ್ ಮಗಳನ್ನೇ ನೋಡಿದ, ಇವಳು ಯಾವಾಗ ಇಷ್ಟು ಬೆಳೆದಳು ಅನ್ನುವ ಹಾಗೆ. ಆಮೇಲೆ ಜನರತ್ತ ತಿರುಗಿ ಗದರಿದ: "ಸುಮ್ನೆ ನೋಡ್ತಾ ಕೂತಿದೀರಲ್ರೋ, ಚಪ್ಪಾಳೆ ಹೊಡೀರಿ!"